ಅಣ್ಣನಿಗೆ ಮಾತ್ರೆ ಕೊಟ್ಟ ವರ್ಷ

ಅಣ್ಣ ಕುಡಿಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಯಾರೂ ಇದನ್ನು ಹೀಗೆ ನೆಟ್ಟಗೆ ಹೇಳುತ್ತಿರಲಿಲ್ಲ. ‘ಸ್ವಲ್ಪ ಅಭ್ಯಾಸ ಇದೆ’ ಅನ್ನುವವರು, ‘ಸಹವಾಸ ಸರಿಯಿಲ್ಲ’ ಅನ್ನುವವರು, ‘ಪಾಪ, ಮೈ ಬಗ್ಗಿಸಿ ದುಡಿಯೋನು, ನೋವಿಗೆ ಅಂತ ತಗೋತಾನೆ’ ಅನ್ನುವವರು. ಅಭ್ಯಾಸವಂತೆ ಅಭ್ಯಾಸ! ದಿನಾ ಹಲ್ಲುಜ್ಜುವುದೂ ಅಭ್ಯಾಸವೇ, ಅದರಿಂದ ಯಾರ ಹೆಂಡತಿಯೂ ತವರಿಗೆ ಹೋಗಿ ಕೂರುವುದಿಲ್ಲ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಈಗ ಹಲ್ಲು ಹೋಗಿವೆ, ಕಣ್ಣು ಮಂಜಾಗಿದೆ, ಕೋಪ ಮಾತ್ರ ಹಾಗೇ ಇದೆ.

ಐವತ್ತರ ದಶಕದ ನಡುಭಾಗ. ರಾಜಾಜಿನಗರ ಆಗಿನ್ನೂ ಅರ್ಧ ಹೊಲ, ಅರ್ಧ ಊರು. ರಸ್ತೆಗೆ ನಂಬರು ಬಂದಿತ್ತು, ರಸ್ತೆ ಇನ್ನೂ ಬಂದಿರಲಿಲ್ಲ. ಕಾರ್ಖಾನೆಯವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ನಮ್ಮದು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ಇಬ್ಬರು ಕೂರುವಷ್ಟು ಜಗಲಿ. ನೀರಿಗೆ ಬೀದಿಯ ನಲ್ಲಿ. ಹಿಂದುಗಡೆ ಯಾರದೋ ರಾಗಿ ಹೊಲ, ಅದರಾಚೆ ಮಾಗಡಿ ರಸ್ತೆಯ ಕಡೆಗೆ ಹೋಗುವ ಕಾಲುದಾರಿ. ಅಣ್ಣ ಹತ್ತಿರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ನಾನು ಪ್ರೈಮರಿ ಸ್ಕೂಲಿನಲ್ಲಿ ಮೇಡಂ. ನನ್ನನ್ನು ಮೇಡಂ ಮಾಡಿದವನೇ ಅವನು. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷ ಹೋದಾಗ ನನಗೆ ಏಳು ವರ್ಷ, ಅವನಿಗೆ ಹದಿನೇಳು. ತಾನು ಓದು ಬಿಟ್ಟು ನನ್ನನ್ನು ಓದಿಸಿದ, ಟ್ರೈನಿಂಗಿಗೆ ಕಳಿಸಿದ. ನನ್ನ ಜಡೆ ಹಾಕುವುದನ್ನೂ ಅವನೇ ಕಲಿತಿದ್ದ. ಸೊಟ್ಟಗೆ ಹಾಕುತ್ತಿದ್ದ, ಆದರೂ ಹಾಕುತ್ತಿದ್ದ.

ಕುಡಿತ ಯಾವಾಗ ಶುರುವಾಯಿತು ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಮೊದಲು ಶನಿವಾರ, ಆಮೇಲೆ ಸಂಬಳದ ದಿನ, ಆಮೇಲೆ ದಿನಾ. ಮದುವೆಯಾದರೆ ಸರಿಹೋಗುತ್ತದೆ ಅಂದರು, ಮದುವೆಯಾಯಿತು. ಮಗುವಾದರೆ ಸರಿಹೋಗುತ್ತದೆ ಅಂದರು, ಹೆಣ್ಣುಮಗುವಾಯಿತು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ಅತ್ತಿಗೆ ಒಂದು ಬೆಳಗ್ಗೆ ಪೆಟ್ಟಿಗೆ ತುಂಬಿಕೊಂಡು ಕೆಂಗೇರಿಯ ತವರಿಗೆ ಹೊರಟುಬಿಟ್ಟಳು. ಜಗಳವಾಡಲಿಲ್ಲ, ಅಳಲಿಲ್ಲ. ‘ಅಕ್ಕಿ ಡಬ್ಬಿ ಮುಚ್ಚಿಡು, ಇಲಿ ಬರ್ತವೆ’ ಅಂತ ನನಗೆ ಹೇಳಿ ಹೋದಳು.

ಅವಳ ಅಪ್ಪ ಕೆಂಗೇರಿಯಲ್ಲಿ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹಳೇ ಒಕ್ಕಲು. ಅಣ್ಣನ ಜೊತೆ ನಾನೂ ಅವರನ್ನು ಮಾವ ಅಂತಲೇ ಕರೆಯುತ್ತಿದ್ದೆ. ಮುಂದಿನ ವಾರ ಅವರು ಬಂದು ಜಗಲಿಯ ಮೇಲೆ ಕೂತು, ಅಣ್ಣನ ಮುಖ ನೋಡದೆ ನನಗೆ ಹೇಳಿದರು.

“ಆರು ತಿಂಗ್ಳು ಒಂದು ತೊಟ್ಟೂ ಬಾಯಿಗೆ ಬಿಡ್ದಂಗೆ ಇರ್ಲಿ ಕಣವ್ವ. ಆಮ್ಯಾಕೆ ನಾನೇ ಮಗಳ್ನ, ಮಗೀನ ಕರ್ಕಂಡ್ ಬಂದು ಬಿಡ್ತೀನಿ. ಇಲ್ದಿದ್ರೆ ಬ್ಯಾಡ. ನನ್ ಮನೇಲಿ ಮುದ್ದೆಗೇನ್ ಬರ ಬಂದಿಲ್ಲ.”

ಅಣ್ಣ ತಲೆ ತಗ್ಗಿಸಿಕೊಂಡು ‘ಆಗ್ಲಿ ಮಾವ’ ಅಂದ. ನಾಲ್ಕು ದಿನ ಕುಡಿಯದೆ ಇದ್ದ. ಐದನೇ ದಿನ ಇಬ್ಬರು ಅವನನ್ನು ಹೊತ್ತುಕೊಂಡು ಬಂದು ಜಗಲಿಗೆ ಹಾಕಿ ಹೋದರು. ನಾನು ಕಾಲು ಹಿಡಿದು ಒಳಗೆಳೆದು, ಮಗ್ಗುಲಿಗೆ ತಿರುಗಿಸಿ, ಬಕೆಟ್ ಇಟ್ಟು, ಮಕ್ಕಳ ಕಾಪಿ ಪುಸ್ತಕ ತಿದ್ದಲು ಕೂತೆ. ಆ ಹೊತ್ತಿಗೆ ನನಗೆ ಅಳು ಬರುವುದು ನಿಂತು ವರ್ಷವಾಗಿತ್ತು. ಮೊದಮೊದಲು ಕಿರುಚುತ್ತಿದ್ದೆ, ಪಾತ್ರೆ ಎಸೆಯುತ್ತಿದ್ದೆ. ಆಮೇಲೆ ಬಾಯಿಗೆ ಬಂದಂತೆ ಬೈಯುವುದೊಂದೇ ಉಳಿಯಿತು, ಅದೂ ಬಾಯಿಪಾಠದ ಹಾಗೆ. ಒಳಗೆ ಏನೂ ಆಗುತ್ತಿರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ.

ಮಾತ್ರೆಯ ಸುದ್ದಿ ಹೇಳಿದವರು ನಮ್ಮ ಹೆಡ್ಮಿಸ್ಟ್ರೆಸ್. ಕಂಟೋನ್ಮೆಂಟಿನಲ್ಲಿ ಹೊರದೇಶದಲ್ಲಿ ಓದಿ ಬಂದ ಡಾಕ್ಟರೊಬ್ಬರಿದ್ದಾರೆ, ಕುಡಿತ ಬಿಡಿಸಲು ಹೊಸದೊಂದು ಮಾತ್ರೆ ಕೊಡುತ್ತಾರಂತೆ, ಹೋಗಿ ಕೇಳು ಅಂದರು. ಒಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟವಳೇ ಎರಡು ಬಸ್ಸು ಬದಲಾಯಿಸಿ ಹೋದೆ. ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಕನ್ನಡವನ್ನು ಯೋಚಿಸಿ ಯೋಚಿಸಿ ಆಡುತ್ತಿದ್ದರು.

“ಈ ಮಾತ್ರೆ ಕುಡಿಯೋ ಆಸೆ ತೆಗೆಯಲ್ಲಮ್ಮ. ಅದನ್ನ ಮೊದಲು ತಿಳ್ಕೊಳ್ಳಿ. ಇದು ಮೈಯಲ್ಲಿರೋವಾಗ ಕುಡಿದ್ರೆ ಕುಡಿದವರಿಗೆ ತಡ್ಕೊಳ್ಳೋಕೆ ಆಗಲ್ಲ. ಮುಖ ಕೆಂಪಾಗುತ್ತೆ, ಕಣ್ಣು ಕೆಂಪಾಗುತ್ತೆ, ತಲೆ ಸಿಡಿಯುತ್ತೆ, ಎದೆ ಹೊಡ್ಕೊಳ್ಳುತ್ತೆ, ವಾಂತಿ. ಜಾಸ್ತಿ ಕುಡಿದ್ರೆ ಪ್ರಾಣಕ್ಕೂ ಅಪಾಯ. ಆ ಹೆದರಿಕೆಯಿಂದ ಒಂದೊಂದು ದಿನ ದಾಟ್ತಾರೆ.”

“ಸಾರಲ್ಲಿ ಅರೆದು ಹಾಕ್ಬಹುದಾ ಸಾರ್? ಅವನಿಗೆ ಗೊತ್ತಾಗದ ಹಾಗೆ?” ಅಂದೆ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ.

ಅವರು ಪೆನ್ನು ಕೆಳಗಿಟ್ಟರು. “ಅವರಿಗೆ ಗೊತ್ತಿಲ್ಲದೆ ಕೊಟ್ಟು, ಅವರು ಹೋಗಿ ಕುಡಿದ್ರೆ, ನೀವು ವಿಷ ಹಾಕಿದ ಹಾಗೆ. ಅವರೇ ಬಂದು ನನ್ನ ಮುಂದೆ ಕೂತು ಬೇಕು ಅನ್ನಬೇಕು. ಆಗ ಕೊಡ್ತೀನಿ.” ಆಮೇಲೆ ಬೇರೆ ಎಚ್ಚರಿಕೆಗಳನ್ನೂ ಹೇಳಿದರು. ಹೆಂಡ, ಸಾರಾಯಿ, ಬ್ರಾಂದಿ, ಯಾವುದೂ ಕೂಡದು. ಬೇರೆ ಔಷಧಿಗಳಲ್ಲೂ ಕೆಲವು ಸಲ ಮದ್ಯ ಸೇರಿರುತ್ತದೆ, ಕೆಮ್ಮಿನ ಔಷಧಿಯಾದರೂ ಸರಿ, ತಮ್ಮನ್ನು ಕೇಳದೆ ಕೊಡಬಾರದು. ನಾನು ಮಕ್ಕಳ ಹಾಗೆ ತಲೆಯಾಡಿಸಿದೆ.

ಒಂದು ತಿಂಗಳು ಅಣ್ಣನಿಗೆ ಹೇಳಲಿಲ್ಲ. ಹೇಳಲೋ ಬೇಡವೋ ಅಂತ ಒಂದೇ ಸಮನೆ ತೂಗಿದೆ. ಕೊಡದಿದ್ದರೆ ಅವನು ಹೀಗೇ ಮೋರಿ ಪಾಲಾಗುತ್ತಾನೆ, ಇಲ್ಲವೇ ಲೇತಿಗೆ ಕೈ ಕೊಡುತ್ತಾನೆ. ಕೊಟ್ಟರೆ, ಒಂದು ಸಂಜೆ ತಡೆಯಲಾರದೆ ಕುಡಿದು ಬಿದ್ದರೆ, ಕೊಂದವಳು ನಾನಾಗುತ್ತೇನೆ. ನನ್ನ ಜಡೆ ಹಾಕಿದವನು ಅವನು. ಇದನ್ನೆಲ್ಲ ಯೋಚಿಸುವಾಗಲೂ ಎದೆಯಲ್ಲಿ ನೋವಿರಲಿಲ್ಲ. ತರಕಾರಿ ಅಂಗಡಿಯ ಮುಂದೆ ನಿಂತು ಹುರುಳಿಕಾಯಿಯೋ ಬದನೆಕಾಯಿಯೋ ಅಂತ ಯೋಚಿಸುವ ಹಾಗೆ ಯೋಚಿಸುತ್ತಿದ್ದೆ. ನನಗೆ ನನ್ನ ಮೇಲೇ ಭಯವಾಯಿತು.

ಕೊನೆಗೆ ಡಾಕ್ಟರು ಮಾತ್ರೆಯ ಹೆಸರು ಬರೆದುಕೊಟ್ಟಿದ್ದ ಚೀಟಿ ಅಣ್ಣನ ಕೈಗೇ ಸಿಕ್ಕಿತು. ಬೆಳಗ್ಗೆ ನನ್ನ ಚೀಲದಿಂದ ಸೀಮೆಸುಣ್ಣ ತೆಗೆದುಕೊಳ್ಳಲು ಹೋದವನು ಅದನ್ನು ಹಿಡಿದುಕೊಂಡು ಬಂದ.

“ಯಾರಿಗೇ ಹುಷಾರಿಲ್ಲ?” ಅಂದ.

“ನಿನಗೆ,” ಅಂದೆ. ರೊಟ್ಟಿ ತಟ್ಟುತ್ತಲೇ ಡಾಕ್ಟರು ಹೇಳಿದ್ದಷ್ಟನ್ನೂ ಒಪ್ಪಿಸಿದೆ. ಪ್ರಾಣಕ್ಕೆ ಅಪಾಯ ಅನ್ನುವುದನ್ನೂ ಬಿಡಲಿಲ್ಲ.

ಅಣ್ಣ ಚೀಟಿಯನ್ನು ಮಡಚಿ ನನ್ನ ಚೀಲದಲ್ಲೇ ಇಟ್ಟ. “ಕೊಡ್ಸು,” ಅಂದ. “ನನ್ ಕೈಲಿ ಆಗ್ತಾ ಇಲ್ಲ ಕಣೇ. ದಿನಾ ಬೆಳಿಗ್ಗೆ ಇವತ್ತು ಬೇಡ ಅಂತಾನೇ ಏಳ್ತೀನಿ. ಸಾಯಂಕಾಲ ಸೈರನ್ ಆಗ್ತಿದ್ದ ಹಾಗೆ ಕಾಲು ನನ್ ಮಾತು ಕೇಳಲ್ಲ.”

ಅವನೇ ಬಂದು ಡಾಕ್ಟರ ಮುಂದೆ ಕೂತ. ಬೇಕು ಅಂದ. ಮೊದಲು ಕೆಲವು ದಿನ ಏನೂ ಕುಡಿಯದೆ ಇದ್ದು, ಆಮೇಲೆ ಮಾತ್ರೆ ಶುರು. ಆ ಕೆಲವು ದಿನ ರಜೆ ಹಾಕಿ ಮನೆಯಲ್ಲೇ ಇದ್ದ. ನಡುಗುತ್ತಿದ್ದ, ಬೆವರುತ್ತಿದ್ದ, ಗೋಡೆಯಲ್ಲಿ ಇರುವೆ ಸಾಲು ಕಾಣುತ್ತದೆ ಅನ್ನುತ್ತಿದ್ದ. ಡಾಕ್ಟರು ಆ ನಡುಕಕ್ಕೂ ಬೇರೆ ಔಷಧಿ ಕೊಟ್ಟಿದ್ದರು. ಕಳೆಯಿತು. ಆಮೇಲೆ ದಿನಾ ಬೆಳಗ್ಗೆ ಕಾಫಿಗೆ ಮುಂಚೆ ಒಂದು ಬಿಳಿ ಮಾತ್ರೆ. ಸೀಸೆ ನನ್ನ ಟ್ರಂಕಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಮರೆಯಬೇಡ ಅಂತ ಅವನೇ ನೆನಪಿಸುತ್ತಿದ್ದ.

ಒಂದು ತಿಂಗಳಾಯಿತು, ಎರಡಾಯಿತು. ಅಣ್ಣ ಸಂಜೆ ಆರಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಹೊತ್ತು ಹೋಗದೆ ಬಾಗಿಲ ತಿರುಪು ಬಿಗಿ ಮಾಡುತ್ತಿದ್ದ, ನಲ್ಲಿಯಿಂದ ನೀರು ಹೊತ್ತು ಹಾಕುತ್ತಿದ್ದ, ಪಕ್ಕದ ಮನೆಯವರ ಸೈಕಲ್ಲು ಸರಿ ಮಾಡುತ್ತಿದ್ದ. ನಾಲ್ಕು ತಿಂಗಳಾದಾಗ ಬೀದಿಯವರೆಲ್ಲ ನನ್ನ ಮುಂದೆ ಅವನನ್ನು ಹೊಗಳತೊಡಗಿದರು. ನಾನು ‘ಹೂಂ’ ಅನ್ನುತ್ತಿದ್ದೆ. ಸಂತೋಷವಾಗಬೇಕಿತ್ತು. ಆಗುತ್ತಿರಲಿಲ್ಲ. ಅವನು ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಬಂದವನು ಚಪ್ಪಲಿ ಬಿಡುವಾಗ ಹತ್ತಿರ ಹೋಗಿ ಗುಟ್ಟಾಗಿ ಮೂಸುತ್ತಿದ್ದೆ. ಗುಟ್ಟಾಗಿ ಅಂತ ನಾನು ಅಂದುಕೊಂಡಿದ್ದೆ ಅಷ್ಟೆ. ಅವನೇ ಒಂದೊಂದು ಸಲ ‘ಹಾ’ ಅಂತ ಬಾಯಿ ಬಿಟ್ಟು, “ನೋಡ್ಕೋ ಮೇಡಂ” ಅನ್ನುತ್ತಿದ್ದ.

ಆರು ತಿಂಗಳು ತುಂಬುವ ಹೊತ್ತಿಗೆ ಅವನು ಬಡವಾಗಿದ್ದ. ಬಾಯೆಲ್ಲ ಕಬ್ಬಿಣ ಕಬ್ಬಿಣ ಅನ್ನುತ್ತಿದ್ದ, ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಮಾವ ಹೇಳಿ ಕಳಿಸಿದರು: ಬರುವ ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತೇವೆ, ಮಗಳು, ಮಗು, ಪೆಟ್ಟಿಗೆ ಸಮೇತ. ನನಗೆ ಒಂದೇ ಯೋಚನೆ ಹತ್ತಿತು. ಈ ಮುಖ ನೋಡಿದರೆ ಮಾವ ಏನು ಅಂದುಕೊಂಡಾರು? ಕುಡಿದು ಕುಡಿದು ಸೊರಗಿದ್ದಾನೆ ಅಂತಲೇ ತಾನೆ!

ಗುರುವಾರ ಸಂಜೆ ಪೇಟೆಗೆ ಹೋಗಿ ಪಂಡಿತರ ಅಂಗಡಿಯಲ್ಲಿ ದ್ರಾಕ್ಷಾಸವ ತಂದೆ. ನಮ್ಮಲ್ಲಿ ಅದಿಲ್ಲದ ಮನೆಯೇ ಇರಲಿಲ್ಲ. ಬಾಣಂತಿಗೆ ಒಂದು ಅರಿಷ್ಟ, ಹೊಟ್ಟೆ ಹಸಿಯದಿದ್ದರೆ ಒಂದು ಆಸವ, ಜ್ವರ ಬಿಟ್ಟ ಮಕ್ಕಳಿಗೂ ಒಂದೊಂದು ಚಮಚ. ಹಸಿವಿಲ್ಲ, ಶಕ್ತಿಯಿಲ್ಲ, ಒಂದು ಒಳ್ಳೆಯ ಟಾನಿಕ್ ಕೊಡಿ ಅಂದೆ. ಊಟವಾದ ಮೇಲೆ ಎರಡು ಚಮಚ, ಅಷ್ಟೇ ನೀರು ಬೆರೆಸಿ ಕೊಡಿ ಅಂದರು. ಮಾತ್ರೆಯ ವಿಷಯ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಡಾಕ್ಟರು ಔಷಧಿಯ ಮಾತು ಎತ್ತಿದ್ದು ನನಗೆ ನೆನಪಿತ್ತು. ಆದರೆ ಅದು ಇಂಗ್ಲಿಷ್ ಔಷಧಿಯ ಮಾತು ಅಂತ ನನ್ನ ಲೆಕ್ಕ. ದ್ರಾಕ್ಷಿ, ಬೆಲ್ಲ, ಏಲಕ್ಕಿ ಹಾಕಿ ಮಾಡಿದ್ದನ್ನು ಯಾರಾದರೂ ಡಾಕ್ಟರನ್ನು ಕೇಳಿ ಕೊಡುತ್ತಾರೆಯೇ?

ಶುಕ್ರವಾರ, ಶನಿವಾರ ಕೆಲಸದ ಗಡಿಬಿಡಿಯಲ್ಲಿ ಕೊಡುವುದು ಮರೆತೇಹೋಯಿತು. ಭಾನುವಾರ ಬೆಳಗ್ಗೆ ಉಪ್ಪಿಟ್ಟು ತಿಂದು ಅಣ್ಣ ಎದ್ದಾಗ ನೆನಪಾಯಿತು. ಎರಡು ದಿನದ್ದೂ ಸೇರಲಿ, ಮಾವ ಬರುವಷ್ಟರಲ್ಲಿ ಸ್ವಲ್ಪ ಕಳೆ ಬರಲಿ ಅಂತ ಅರ್ಧ ಲೋಟ ಬಗ್ಗಿಸಿ ಕೊಟ್ಟೆ. ನನ್ನ ದಡ್ಡತನಕ್ಕೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

“ಏನೇ ಇದು, ಘಾಟು!” ಅಂದ.

“ಔಷಧಿ ಘಾಟಿಲ್ದೆ ಪಾಯಸದ ಹಾಗಿರುತ್ತಾ? ಮೂಗು ಮುಚ್ಕೊಂಡು ಕುಡಿ. ಕುಡಿದು ಹೋಗಿ ಬಾಳೆ ಎಲೆ ತಗೊಂಡು ಬಾ.”

ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೋದ. ಹೊಸ ಅಂಗಿ ಹಾಕಿಕೊಂಡಿದ್ದ.

ಎಲೆ ಅಂಗಡಿ ಹತ್ತು ನಿಮಿಷದ ದಾರಿ. ಅರ್ಧ ಗಂಟೆಯಾದರೂ ಬರಲಿಲ್ಲ. ಅಷ್ಟರಲ್ಲಿ ಮಾವ, ಅತ್ತಿಗೆ, ಮಗು ಬಂದರು. ಅತ್ತಿಗೆ ಪೆಟ್ಟಿಗೆಯನ್ನು ಒಳಗಿಟ್ಟು, ನೇರ ಅಡುಗೆಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡು ಕೋಸಂಬರಿಗೆ ಸೌತೆಕಾಯಿ ಹೆಚ್ಚತೊಡಗಿದಳು. ಎಲ್ಲಿ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕಿವಿ ಮಾತ್ರ ಬೀದಿಯಲ್ಲಿತ್ತು.

ಮುಕ್ಕಾಲು ಗಂಟೆಗೆ ಅಣ್ಣ ಬಂದ. ಕೈಯಲ್ಲಿ ಎಲೆಯಿಲ್ಲ. ಮುಖ ಕೆಂಡದಂತೆ ಕೆಂಪು, ಕುತ್ತಿಗೆಯವರೆಗೂ ಕೆಂಪು, ಕಣ್ಣು ರಕ್ತ. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಜಗಲಿಯ ಹತ್ತಿರ ಬಂದವನು ಮೋರಿಗೆ ಬಗ್ಗಿ ವಾಂತಿ ಮಾಡಿಕೊಂಡ. ಡಾಕ್ಟರು ಹೇಳಿದ್ದು ಒಂದೂ ಬಿಟ್ಟಿರಲಿಲ್ಲ. ನಾನು ಹೋಗಿ ಅವನ ಬಾಯಿ ಮೂಸಿದೆ. ಹುಳಿ ಹುಳಿ ವಾಸನೆ.

ಅವನು ಏದುಸಿರು ಬಿಡುತ್ತಾ, “ಯಾಕೋ ಎದೆ... ಮೋರಿ ಕಟ್ಟೆ ಮೇಲೆ ಕೂತಿದ್ದೆ... ನಡೆಯೋಕೆ ಆಗ್ಲಿಲ್ಲ,” ಅಂದ.

ನಾನು ಮಾವನ ಕಡೆ ತಿರುಗಿ ಹೇಳಿದೆ: “ಕುಡ್ಕೊಂಡ್ ಬಂದಿದಾನೆ ಮಾವ.”

ಅಷ್ಟೇ ಹೇಳಿದ್ದು. ಕೂಗಲೂ ಇಲ್ಲ. ಹಾಜರಿ ಕರೆಯುವ ದನಿಯಲ್ಲಿ ಹೇಳಿದೆ.

“ಇಲ್ಲ ಕಣೇ,” ಅಂದ ಅಣ್ಣ. “ನಿನ್ನಾಣೆ ಇಲ್ಲ. ನನ್ ಮಗಳಾಣೆ.”

“ಮಗೀನ್ ಮ್ಯಾಲೆ ಯಾಕಯ್ಯಾ ಆಣೆ ಇಡ್ತೀಯ, ಥೂ!” ಅಂದರು ಮಾವ. ಎದ್ದು ಒಳಗೆ ಹೋಗಿ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು. “ನಡಿಯವ್ವ.” ಅತ್ತಿಗೆ ಸೌತೆಕಾಯಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು, ಕೈ ತೊಳೆದುಕೊಂಡು, ಮಗುವನ್ನು ಸೊಂಟಕ್ಕೆ ಹಾಕಿಕೊಂಡಳು. ಅಣ್ಣನ ಪಕ್ಕದಲ್ಲೇ ಹಾದುಹೋದಳು. ಅವನು ಅವಳ ಸೆರಗು ಹಿಡಿಯಲು ಕೈ ಚಾಚಿದ, ಸಿಗಲಿಲ್ಲ.

ಅವನು ಒಳಗೆ ಬಂದು ಬರೀ ನೆಲದ ಮೇಲೆ ಮಲಗಿದ. ಎದೆ ಅಂಗಿಯ ಮೇಲಿಂದಲೇ ಎಗರುವುದು ಕಾಣುತ್ತಿತ್ತು. ನಾನು ಡಾಕ್ಟರ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಸತ್ತರೆ ಸಾಯಲಿ ಅಂದುಕೊಂಡೆನೇ? ಹಾಗೂ ಅಂದುಕೊಳ್ಳಲಿಲ್ಲ. ಏನೂ ಅಂದುಕೊಳ್ಳಲಿಲ್ಲ. ಐದು ಜನಕ್ಕೆ ಮಾಡಿದ ಅಡುಗೆ ಇತ್ತು. ತಟ್ಟೆಗೆ ಬಡಿಸಿಕೊಂಡು ಕೂತು ಅನ್ನ, ಹುಳಿ, ಕೊನೆಗೆ ಶಾವಿಗೆ ಪಾಯಸವನ್ನೂ ಉಂಡೆ. ಅವನು ಎರಡು ಸಲ ನೀರು ಕೇಳಿದ. ಎರಡನೇ ಸಲ ಕೊಟ್ಟೆ.

ಸೋಮವಾರ ಅವನಿಗೆ ಏಳಲಾಗಲಿಲ್ಲ. ಬೆಳಗ್ಗೆ ಮಾತ್ರೆ ಕೇಳಿ ತೆಗೆದುಕೊಂಡ. ‘ನಾಟಕ’ ಅಂದುಕೊಂಡೆ. ಸ್ಕೂಲಿಗೆ ಹೋಗುವಾಗ ಹಿಂಬಾಗಿಲ ಚಿಲಕಕ್ಕೆ ಒಳಗಿನಿಂದ ಬೀಗ ಜಡಿದು, ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಒಡಹುಟ್ಟಿದವನನ್ನು ಕೂಡಿಹಾಕಿ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ.

ನಾಲ್ಕೂವರೆಗೆ ಬಂದು ಬೀಗ ತೆಗೆದಾಗ ಎದ್ದು ಗೋಡೆಗೊರಗಿ ಕೂತಿದ್ದ. ಮುಖ ತಿಳಿಯಾಗಿತ್ತು. ಗಂಜಿ ಕಾಯಿಸಿ ಕೊಟ್ಟೆ. ತಂದ ಟಾನಿಕ್ ಯಾಕೆ ದಂಡವಾಗಬೇಕು, ಕುಡಿದು ಹಾಳಾದ ಮೈಗಾದರೂ ಹತ್ತಲಿ ಅಂತ ಗೊಣಗಿಕೊಂಡೇ ಒಂದಿಷ್ಟು ಲೋಟಕ್ಕೆ ಬಗ್ಗಿಸಿದೆ. ಅವನು ಮೂಗಿನ ಹತ್ತಿರ ಹಿಡಿದು ನೋಡಿದ.

“ಇದರಲ್ಲಿ ಏನೋ ಇದೆ ಕಣೇ.”

“ಹೌದು, ದ್ರಾಕ್ಷಿ ಇದೆ. ಕುಡಿ ಸುಮ್ನೆ.”

ನನ್ನ ಮುಖ ನೋಡಿದ. ಕುಡಿದ. ನಾನು ಹೇಳಿದೆನೆಂದು ಕುಡಿದ.

ಲೋಟ ತೊಳೆದು, ದೀಪಕ್ಕೆ ಬತ್ತಿ ಹೊಸೆಯುತ್ತಾ ಎದುರಿಗೇ ಕೂತಿದ್ದೆ. ಹತ್ತು ನಿಮಿಷವಾಗಿರಬಹುದು. ಅವನ ಕಿವಿ ಕೆಂಪಾಯಿತು. ಆಮೇಲೆ ಕೆನ್ನೆ. ಆಮೇಲೆ ಕುತ್ತಿಗೆ. ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ.

“ನೋಡು,” ಅಂದ. “ಬೀಗ ನೀನೇ ಹಾಕಿದ್ದೆ.”

ಕೈಯಲ್ಲಿದ್ದ ಬತ್ತಿ ಬಿತ್ತು. ಎದ್ದು ಹೋಗಿ ಸೀಸೆಯ ಬಿರಡೆ ತೆಗೆದು ಮೂಸಿದೆ. ಅದೇ ವಾಸನೆ. ಹೆಂಡದಂಗಡಿಯ ಮುಂದೆ ಹಾಯುವಾಗ ಸೆರಗು ಮುಚ್ಚಿಕೊಳ್ಳುತ್ತಿದ್ದೆನಲ್ಲ, ಅದರ ತಂಗಿಯಂಥ ವಾಸನೆ. ಅಯ್ಯೋ ದೇವರೇ. ಗುರುವಾರದಿಂದ ಅದು ನನ್ನ ಅಡುಗೆಮನೆಯಲ್ಲೇ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಇತ್ತು.

ಅವತ್ತು ರಾತ್ರಿಯಾಗುವ ಹೊತ್ತಿಗೆ ಕೆಂಪು ಇಳಿದು ಎದೆ ಹತೋಟಿಗೆ ಬಂತು, ಪುಣ್ಯ. ಮಂಗಳವಾರ ಸೀಸೆಯನ್ನು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಇಟ್ಟೆ. ಅವರು ಮೂಸಿ ನೋಡಿ, ಕಣ್ಣು ಮುಚ್ಚಿಕೊಂಡರು.

“ದ್ರಾಕ್ಷಿ, ಬೆಲ್ಲ ಸೇರಿಸಿ ತಿಂಗಳುಗಟ್ಟಲೆ ಹುಳಿ ಬರಿಸಿ ಮಾಡೋದಮ್ಮ ಇದು. ಮದ್ಯ ಇದ್ದೇ ಇರುತ್ತೆ. ಬೇರೆಯವರಿಗೆ ಎರಡು ಚಮಚದಿಂದ ಏನೂ ಆಗಲ್ಲ. ಈ ಮಾತ್ರೆ ತಗೊಳ್ಳೋರಿಗೆ ಕೊಡಬಾರದು. ನಾನು ಹೇಳಿದ್ದೆ, ಯಾವ ಔಷಧಿಯಾದ್ರೂ ಕೇಳಿ ಅಂತ.”

“ಇಂಗ್ಲಿಷ್ ಔಷಧಿ ಅಂದ್ಕೊಂಡೆ ಸಾರ್.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹದಿನೈದು ದಿನ ಮಾತ್ರೆ ನಿಲ್ಲಿಸಿ, ಎದೆ ಸುಧಾರಿಸಲಿ, ಆಮೇಲೆ ಬಂದು ತೋರಿಸಿ, ಮತ್ತೆ ಶುರು ಮಾಡುವುದೂ ಬಿಡುವುದೂ ನಿಮ್ಮಣ್ಣನ ಇಷ್ಟ ಅಂದರು.

ಮನೆಗೆ ಬಂದು ಅಣ್ಣನಿಗೆ “ಟಾನಿಕ್ಕಲ್ಲಿ ಇತ್ತಂತೆ” ಅಂದೆ. ತಪ್ಪಾಯಿತು ಅನ್ನಲಿಲ್ಲ. ಅವನು “ಹೂಂ” ಅಂದ. “ಅವಳಿಗೆ ಹೇಳ್ತೀಯಾ?” ಅಂತ ಕೇಳಿದ.

ಆ ಭಾನುವಾರ ಸಿಟಿ ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲು ಹತ್ತಿ ಕೆಂಗೇರಿಗೆ ಹೋದೆ. ಮಾವ ಹಟ್ಟಿಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ. ಕೇಳಿ, ಸೊಪ್ಪಿನ ಪುಟ್ಟಿ ಕೆಳಗಿಟ್ಟರು.

“ಔಸ್ದೀಲಿ ಹೆಂಡ ಇರ್ತದೇನವ್ವ? ನಿಮ್ಮತ್ತಿಗೆ ಬಾಣಂತನಕ್ಕೆ ಎರಡು ಸೀಸೆ ಅರಿಷ್ಟ ಕುಡ್ಸಿವ್ನಿ ನಾನು. ಅವಳೇನು ಕುಡುಕಿ ಆದ್ಲಾ? ಅಣ್ಣನ್ನ ಉಳಿಸ್ಕೊಳಕೆ ಇಂಥ ಕತೆ ಕಟ್ಬ್ಯಾಡ. ಓದ್ದೋಳು ನೀನು.”

ಎಷ್ಟು ಹೇಳಿದರೂ ಅವರದು ಅದೇ ಮಾತು. ಇದೇ ಮಾತನ್ನು ಎರಡು ವಾರದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಎದ್ದು ಹೊರಟೆ. ಅತ್ತಿಗೆ ಸ್ಟೇಷನ್ನಿನವರೆಗೆ ಬಂದಳು. ಮಗು ಅವಳ ಬೆರಳು ಹಿಡಿದು ಕಲ್ಲು ಒದೆಯುತ್ತಾ ಬರುತ್ತಿತ್ತು.

“ಆವತ್ತು ನೀನೇ ಅಲ್ವಾ ಹೇಳಿದ್ದು, ಕುಡ್ಕೊಂಡ್ ಬಂದಿದಾನೆ ಅಂತ?” ಅಂದಳು.

“ಹೌದು ಅತ್ತಿಗೆ.”

“ನೀನು ಹೇಳ್ದೆ ಅಂತ ನಂಬಿದ್ದು ನಾನು. ಇಲ್ದಿದ್ರೆ ಮಗಳ ಮೇಲೆ ಆಣೆ ಇಟ್ಟಾಗ ನಿಂತುಬಿಡ್ತಿದ್ದೆ. ಇವತ್ತೂ ನೀನು ಹೇಳಿದ್ದನ್ನೇ ನಂಬ್ತೀನಿ. ದೀಪಾವಳಿಗೆ ಬರ್ತೀನಿ, ಅಪ್ಪನ್ನ ನಾನು ನೋಡ್ಕೋತೀನಿ.” ರೈಲು ಬರುವ ಕಡೆಗೆ ನೋಡುತ್ತಾ ಕೇಳಿದಳು: “ನೀನು ನಂಬ್ತೀಯಾ ಅವರ್ನ, ಈಗ?”

“ನಂಬ್ತೀನಿ,” ಅಂದೆ. ಕೇಳಿ ಮುಗಿಸುವ ಮೊದಲೇ ಅಂದೆ.

ಹದಿನೈದು ದಿನ ಮಾತ್ರೆಯಿಲ್ಲದೆ ಕಳೆಯಿತು. ಅಣ್ಣ ಕೆಲಸಕ್ಕೆ ಹೋದ, ಆರಕ್ಕೆ ಬಂದ, ನೀರು ಹೊತ್ತ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಚೆನ್ನಾಗಿದ್ದೀರಿ, ಇನ್ನು ನಿಮ್ಮ ಇಷ್ಟ ಅಂದರು. ಮಾರನೇ ದಿನ ಬೆಳಗ್ಗೆ, ದೀಪಾವಳಿಗೆ ಇನ್ನು ನಾಲ್ಕು ದಿನವಿತ್ತು, ಅವನು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತ. ನಾನು ಕಾಫಿ ಸೋಸುತ್ತಿದ್ದೆ.

“ಕಾರ್ಖಾನೆಯಿಂದ ಬರೋ ದಾರೀಲಿ ಎರಡು ಅಂಗಡಿ ಇದೆ,” ಅಂದ. “ಈ ಹದಿನೈದು ದಿನ ಅದರ ಮುಂದೇನೇ ಬಂದೆ. ಬೇಕು ಅಂತಾನೇ ಆ ದಾರೀಲಿ ಬಂದೆ. ಮಾತ್ರೆ ಇಲ್ಲ, ಏನಿಲ್ಲ. ಒಳಗೆ ಹೋಗ್ಲಿಲ್ಲ.”

“ಗೊತ್ತು ಕಣೋ ಅಣ್ಣ.”

“ಡಾಕ್ಟ್ರು ನನ್ನಿಷ್ಟ ಅಂದಿದಾರೆ. ನಾನು ಅದನ್ನ ನಿನಗೆ ಬಿಟ್ಟಿದೀನಿ. ನೀನು ಬೇಡ ಅಂದ್ರೆ ಬೇಡ, ಹೀಗೇ ಇರ್ತೀನಿ. ಬೇಕು ಅನ್ಸಿದ್ರೆ ತಗೊಂಬಾ, ನುಂಗ್ತೀನಿ. ಎರಡಕ್ಕೂ ಬೇಜಾರಿಲ್ಲ.”

ಬೇಜಾರಿಲ್ಲ ಅಂದವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಬೇಡ ಅನ್ನಬೇಕಿತ್ತು, ಎರಡೇ ಅಕ್ಷರ. ಅವನು ಕುಡಿದಿಲ್ಲ ಅಂತ ನನಗೆ ಗೊತ್ತಿತ್ತು. ಅವನು ನಿಜ ಹೇಳಿದಾಗ ನಾನು ಏನು ಮಾಡಿದ್ದೆ ಅಂತಲೂ ಗೊತ್ತಿತ್ತು. ಕಾಫಿ ಲೋಟವನ್ನು ಕೆಳಗಿಟ್ಟು, ನಡುಮನೆಗೆ ಹೋಗಿ, ಟ್ರಂಕಿನ ಬೀಗ ತೆಗೆದೆ. ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದು ಅವನ ಮುಂದೆ ಹಿಡಿದೆ.

ಅವನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ನನಗೆ ನಾಚಿಕೆಯಾಯಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಒಂದು ಆಗಿದ್ದು ಅದು, ಮೈಯೆಲ್ಲ ಸುಡುವಷ್ಟು ನಾಚಿಕೆ. ಆದರೆ ಅವನ ಗಂಟಲು ಆಡಿ ಮಾತ್ರೆ ಇಳಿದಾಗ ಆದ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು. ಅದನ್ನು ಅವನ ಮುಂದೆ ಮುಚ್ಚಿಡಲು ನನಗಾಗಲಿಲ್ಲ. ಅವನು ನನ್ನ ಮುಖ ನೋಡುತ್ತಲೇ ಇದ್ದ. ನೋಡಿ, ಲೋಟ ನನ್ನ ಕೈಗೆ ಕೊಟ್ಟು, ಎದ್ದು ಕೆಲಸಕ್ಕೆ ಹೋದ.